ಹಾರ್ಡ್ ಟಾಪ್ ಎತ್ತಲು ಛತ್ತಿಗೆ ಕೊಂಡಿ ಹಾಕಬೇಡಿ

ಪ್ರಶ್ನೆ: ನಮ್ಮದು ಹಳೇ ಜೀಪು, ಬಿಚ್ಚಿ ತೆಗೆಯಬಹುದಾದ ಫೈಬರ್ ಛಾವಣಿ (ಹಾರ್ಡ್ ಟಾಪ್) ಇದೆ. ಎಳ್ಳಮವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗುವಾಗ ಟಾಪ್ ತೆಗೆದು ಹೋಗುವ ಆಸೆ. ಪ್ರತಿ ಸಲ ಎತ್ತಲು ನಾಲ್ಕು ಜನ ಬೇಕು. ಗ್ಯಾರೇಜಿನ ಛತ್ತಿಗೆ ಕೊಂಡಿ ಹಾಕಿ, ರಾಟೆ ಕಟ್ಟಿ, ಹಗ್ಗದಿಂದ ಒಬ್ಬನೇ ಎತ್ತಬಹುದೇ? ಛತ್ತು ಶಹಾಬಾದ್ ಫರ್ಸಿಯದು, ಕೆಳಗೆ ಗರ್ಡರ್ ಇವೆ. (ಕಲಬುರಗಿ)

ಉತ್ತರ: ಛತ್ತಿಗೆ ಬೇಡ. ಈ ಪ್ರಶ್ನೆ ಚಳಿಗಾಲ ಬಂತೆಂದರೆ ಬರುತ್ತದೆ, ನಾನು ಇದೇ ಉತ್ತರ ಕೊಡುತ್ತೇನೆ, ಆದರೂ ಯಾರೋ ಒಬ್ಬರು ಡ್ರಿಲ್ ಹಿಡಿದು ಏಣಿ ಹತ್ತಿಯೇ ಇರುತ್ತಾರೆ. ಫರ್ಸಿ ಎಂದರೆ ಪದರ ಪದರವಾಗಿ ಬಿಡುವ ಸುಣ್ಣದ ಕಲ್ಲು. ಅದಕ್ಕೆ ತೂತು ಹೊಡೆದು ಭಾರ ತೂಗುಹಾಕಿದರೆ ಒಂದು ದಿನ ಸೀಳುತ್ತದೆ, ಮುಂಚೆ ಸುಳಿವು ಕೊಡುವುದಿಲ್ಲ. ಕಲ್ಲು ಬೇಡ, ಗರ್ಡರ್‌ಗೇ ಸರಪಳಿ ಸುತ್ತುತ್ತೇನೆ ಅನ್ನುತ್ತೀರಾ? ಆ ಗರ್ಡರ್ ಈಗಾಗಲೇ ಕಲ್ಲನ್ನೂ ಮೇಲಿನ ಗಚ್ಚನ್ನೂ ಹೊತ್ತಿದೆ, ಗೋಡೆಯೊಳಗೆ ಹೂತಿರುವ ಅದರ ತುದಿ ಎಷ್ಟು ತುಕ್ಕು ತಿಂದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಪತ್ರಾ ಶೆಡ್ಡಿನ ಆ್ಯಂಗಲ್ ಇನ್ನೂ ಕಡೆ, ಅದು ಪತ್ರಾ ಹೊರಲು ಹಾಕಿದ್ದು ಅಷ್ಟೇ. ವೆಲ್ಡಿಂಗ್ ಅಂಗಡಿಯವರು ಸಳಿ ಬಗ್ಗಿಸಿ ಕೊಂಡಿ ಮಾಡಿ "ಏನೂ ಆಗಲ್ರೀ, ಆನಿ ಜೋತು ಬಿದ್ರೂ ತಡಿತದ" ಅಂತಾರೆ. ನಂಬಬೇಡಿ. ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಕೇಳಿ, ಯಾರೂ ಕೊಡುವುದಿಲ್ಲ.

ಲೆಕ್ಕ ನಾನು ಕೊಡುತ್ತೇನೆ. ಮೊದಲು ಟಾಪ್ ತೂಗಿ, ಅಂದಾಜು ಬೇಡ. 60 ಕೆಜಿ ಬಂತು ಅಂದುಕೊಳ್ಳಿ. ಮೇಲೆ ಒಂದು ರಾಟೆ ಕಟ್ಟಿ ನೀವು ಕೆಳಗಿನಿಂದ ಹಗ್ಗ ಎಳೆದರೆ ಕೊಂಡಿಯ ಮೇಲೆ ಬೀಳುವುದು 60 ಅಲ್ಲ, 120. ಟಾಪ್ ಒಂದು ಕಡೆ ಜಗ್ಗುತ್ತದೆ, ನೀವು ಇನ್ನೊಂದು ಕಡೆ ಅಷ್ಟೇ ಜಗ್ಗುತ್ತೀರಿ. ಹಗ್ಗವನ್ನು ಗೋಡೆಯ ಗೂಟಕ್ಕೆ ಕಟ್ಟಿಟ್ಟರೂ ಹೆಚ್ಚುಕಡಿಮೆ ಅದೇ 120.

ಇನ್ನೊಂದು ತಪ್ಪು ಹಗ್ಗದ ಓರೆಯದು. ಒಂದೇ ಕೊಂಡಿಯಿಂದ ನಾಲ್ಕು ಮೂಲೆಗೆ ಹಗ್ಗ ಬಿಡುತ್ತಾರೆ, ಛತ್ತು ತಗ್ಗು ಅಂತ ಹಗ್ಗ ಗಿಡ್ಡ ಮಾಡುತ್ತಾರೆ, ಹಗ್ಗ ಮಲಗಿಬಿಡುತ್ತದೆ. ನಾಲ್ಕು ಹಗ್ಗ ಎಂದೂ ಸಮ ಹೊರುವುದಿಲ್ಲ, ಎದುರುಬದುರಿನ ಎರಡೇ ಹೊರುತ್ತವೆ ಎಂದು ಲೆಕ್ಕ ಹಿಡಿಯಬೇಕು. ಹಗ್ಗ ಅಡ್ಡಗೆರೆಗೆ 60 ಡಿಗ್ರಿ ಓರೆಯಲ್ಲಿ ನಿಂತಿದ್ದರೆ ಒಂದೊಂದರ ಮೇಲೆ ಸುಮಾರು 35 ಕೆಜಿ, 30 ಡಿಗ್ರಿಗೆ ಮಲಗಿದರೆ ಪೂರ್ತಿ 60 ಕೆಜಿ. ಆಗ ಟಾಪಿನ ಅಂಚನ್ನು ಒಳಕ್ಕೆ ಹಿಚುಕುವ ಬಲವೇ 52 ಕೆಜಿಯಷ್ಟು. ಫೈಬರ್ ಬಿರುಕು ಬಿಡದೆ ಇನ್ನೇನು ಮಾಡುತ್ತದೆ?

ಆದ್ದರಿಂದ ನೆಲದ ಮೇಲೆ ನಿಲ್ಲುವ ಗ್ಯಾಂಟ್ರಿ ಮಾಡಿಸಿ. ಜೀಪಿನ ಎರಡೂ ಬದಿಗೆ ಅಗಲವಾಗಿ ಕಾಲು ಚಾಚಿದ ಕಂಬ, ಮೇಲೆ ಅಡ್ಡಲಾಗಿ 100 ಎಂಎಂ ಐ ಬೀಮ್ (ಇಂಗ್ಲಿಷಿನ I ಆಕಾರದ ಉಕ್ಕಿನ ತೊಲೆ). ಎರಡೂವರೆ ಮೀಟರ್ ಅಂತರದ ನಡುವೆ 200 ಕೆಜಿ ತೂಗಿದರೂ ಆ ಬೀಮ್ ಒಂದೆರಡು ಎಂಎಂ ಬಾಗುತ್ತದೆ ಅಷ್ಟೇ. ಕೈಕೊಡುವುದು ಬೀಮ್ ಅಲ್ಲ, ಕಂಬ ಮತ್ತು ಬೀಮ್ ಸೇರುವ ಜಾಗ. ಅಲ್ಲಿ ಓರೆ ಪಟ್ಟಿ ಹಾಕಿಸಿ, ಬೋಲ್ಟ್ ಹಾಕಿಸಿ. ಎತ್ತರ ಹತ್ತು ಅಡಿ ಬೇಕಾಗುತ್ತದೆ: ಜೀಪು ಆರು, ಎತ್ತುವುದು ಎರಡೂವರೆ, ಚೈನ್ ಪುಲ್ಲಿ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಮತ್ತು ಟಾಪ್ ಹಿಡಿಯುವ ಚೌಕಟ್ಟಿಗೆ ಒಂದೂವರೆ. ಗ್ಯಾರೇಜು ತಗ್ಗಾಗಿದ್ದರೆ ಅಂಗಳದಲ್ಲಿ ಮಾಡಿ, ಗಾಳಿ ಇಲ್ಲದ ಹೊತ್ತು ನೋಡಿ.

ಎತ್ತಲು ಕೈಯಿಂದ ಎಳೆಯುವ ಚೈನ್ ಪುಲ್ಲಿಯೇ ಸರಿ. ಚೈನ್ ಪುಲ್ಲಿಗಿರುವ ಭಾರತೀಯ ಮಾನಕ ಐಎಸ್ 3832ರ ಗುರುತು ನೋಡಿ ಕೊಳ್ಳಿ. ಅದರಲ್ಲಿ ಬ್ರೇಕ್ ಇರುತ್ತದೆ, ಕೈ ಬಿಟ್ಟರೆ ಟಾಪ್ ಅಲ್ಲಿಯೇ ನಿಲ್ಲುತ್ತದೆ. ಬರೀ ಹಲ್ಲಿಗೆ ಸಿಕ್ಕಿ ನಿಲ್ಲುವ ಕೈ ವಿಂಚಿನಲ್ಲಿ (ಹಿಡಿ ತಿರುಗಿಸಿ ಹಗ್ಗ ಸುತ್ತುವ ಯಂತ್ರ) ಇಳಿಸುವಾಗ ಹಿಡಿ ಜಾರಿತೋ, ಗಿರ್ರನೆ ತಿರುಗಿ ಹೊಡೆಯುತ್ತದೆ. ನನ್ನ ಗೆಳೆಯನ ಮುಂಗೈ ಮುರಿದದ್ದು ಹಾಗೆಯೇ, ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಅಂದಿನಿಂದ ಆ ವಿಂಚನ್ನು ಯಾರಿಗೂ ಹೇಳುವುದಿಲ್ಲ.

ಟಾಪಿನ ಮೇಲೆ ಚೌಕ ಪೈಪಿನ ಚೌಕಟ್ಟು, ಅದರ ನಾಲ್ಕು ಮೂಲೆಯಿಂದ ನೇರ ಕೆಳಗೆ ಬೆಲ್ಟ್, ತುದಿಯಲ್ಲಿ ರಬ್ಬರ್ ಸುತ್ತಿದ ಕೊಕ್ಕೆ, ಅದು ಟಾಪಿನ ಕೆಳ ಅಂಚನ್ನು ಹಿಡಿಯಬೇಕು. ಬೆಲ್ಟನ್ನು ಅಡಿಯಿಂದ ಆ ಬದಿಗೆ ದಾಟಿಸಿದರೆ ಜೀಪಿನೊಳಗಿನ ರೋಲ್ ಬಾರ್‌ಗೆ (ಗಾಡಿ ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು) ಸಿಕ್ಕಿಕೊಳ್ಳುತ್ತದೆ, ಎತ್ತುವಾಗಲೇ ಗೊತ್ತಾಗೋದು. ಹಿಂದಿನ ಗಾಜಿನಿಂದಾಗಿ ಭಾರ ಹಿಂದಕ್ಕೆ ಇರುತ್ತದೆ, ಹಾಗಾಗಿ ಚೌಕಟ್ಟಿನ ಕೊಂಡಿ ನಟ್ಟನಡುವೆ ಬರುವುದಿಲ್ಲ, ಸ್ವಲ್ಪ ಹಿಂದೆ ಬರುತ್ತದೆ. ಒಂದು ಇಂಚು ಎತ್ತಿ ನಿಲ್ಲಿಸಿ, ಸುತ್ತ ನೋಡಿ. ಟಾಪನ್ನು ಜೀಪಿಗೆ ಹಿಡಿಸಿದ ಒಂದು ಬೋಲ್ಟ್ ಬಿಚ್ಚಲು ಮರೆತಿದ್ದರೆ ಒಂದು ಟನ್ನಿನ ಚೈನ್ ಪುಲ್ಲಿಗೆ ಅದು ಗೊತ್ತೇ ಆಗುವುದಿಲ್ಲ, ಟಾಪ್ ಹರಿಯುವ ತನಕ ಎತ್ತುತ್ತಾ ಹೋಗುತ್ತದೆ. ಟಾಪಿನ ಅಂಚಿನ ರಬ್ಬರ್ ಜೀಪಿಗೆ ಅಂಟಿಕೊಂಡಿದ್ದರೆ ಕೈಯಿಂದ ಬಿಡಿಸಿ, ಪುಲ್ಲಿಯಿಂದ ಕೀಳಬೇಡಿ.

ಮೇಲೆತ್ತಿದ ಮೇಲೆ ಜೀಪನ್ನು ತಳ್ಳಿ ಹೊರತೆಗೆಯಿರಿ, ಸ್ಟೇರಿಂಗ್ ಹೊರಗಿನಿಂದಲೇ ಹಿಡಿಯಿರಿ. ಸೀಟಿನಲ್ಲಿ ಕುಳಿತು ಸ್ಟಾರ್ಟ್ ಮಾಡಿದರೆ ತೂಗುವ ಭಾರದ ಅಡಿ ಕುಳಿತ ಹಾಗೆ. ಮಕ್ಕಳನ್ನು ಅಂಗಳದಿಂದಲೇ ದೂರ ಇಡಿ. ಇನ್ನು, ಒಬ್ಬರೇ ಅನ್ನುವುದನ್ನು ಬಿಟ್ಟುಬಿಡಿ. ನಾಲ್ಕು ಜನ ಬೇಕಾದಲ್ಲಿ ಇಬ್ಬರು ಸಾಕಾಗುತ್ತಾರೆ, ಅದು ಕಡಿಮೆ ಲಾಭವಲ್ಲ ಅಲ್ವಾ?

ಪ್ರಶ್ನೆ: ಅಂಗಳದ ಬೇವಿನ ಕೊಂಬೆಗೆ ಕಟ್ಟಿ ಎತ್ತಬಹುದೇ? (ಯಾದಗಿರಿ)

ಉತ್ತರ: ಬೇಡ.

ಪ್ರಶ್ನೆ: ಗಾಡಿಯ ಬಂಪರಿನ ವಿಂಚ್ ಬಿಚ್ಚಿ ಗೋಡೆಗೆ ಹಾಕಿದರೆ ಹೇಗೆ? (ಬೀದರ್)

ಉತ್ತರ: ಅದು ಕೆಸರಿನಲ್ಲಿ ಹೂತ ಗಾಡಿ ಎಳೆಯಲು ಮಾಡಿದ್ದು, ತಲೆ ಮೇಲೆ ಭಾರ ಎತ್ತಲು ಅಲ್ಲ.

ಪ್ರಶ್ನೆ: ಕಂಪನಿಯ ಹಾರ್ಡ್ ಟಾಪ್ ಪೂರ್ತಿ ತೆಗೆದು ಕ್ಯಾನ್ವಾಸ್ ಹಾಕಿಸಬೇಕು ಅಂತಿದ್ದೇನೆ. ಗ್ಯಾರೇಜಿನವರು ಯಾರೂ ಕೇಳುವುದಿಲ್ಲ ಅಂತಾರೆ. (ಸೇಡಂ)

ಉತ್ತರ: ಕೇಳುತ್ತಾರೆ. ಗಾಡಿಯನ್ನು ಕಂಪನಿ ಕೊಟ್ಟ ರೂಪದಿಂದ ಬದಲಿಸುವುದರ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಇರುವುದೇ ಇದಕ್ಕೆ. ಆರ್‌ಸಿ ಹಿಡಿದು ಮೊದಲು ಆರ್‌ಟಿಓ ಕಚೇರಿಗೆ ಹೋಗಿ, ಗ್ಯಾರೇಜಿಗೆ ಆಮೇಲೆ.

ಪ್ರಶ್ನೆ: ತೆಗೆದ ಟಾಪ್ ಎರಡು ತಿಂಗಳು ಚೈನ್ ಪುಲ್ಲಿಯಲ್ಲೇ ತೂಗುತ್ತಿದ್ದರೆ ತೊಂದರೆಯೇ? ಕೆಳಗೆ ಬೈಕ್ ನಿಲ್ಲಿಸುತ್ತೇವೆ. (ಕಲಬುರಗಿ)

ಉತ್ತರ: ಈ ಪತ್ರ ಓದಿ ಮುಗಿಸಿದ ಕೂಡಲೇ ಬೈಕ್ ಅಲ್ಲಿಂದ ತೆಗೆಯಿರಿ, ಟಾಪನ್ನು ಇವತ್ತೇ ಇಳಿಸಿ. ಅಂಚಿಗೆ ಹಳೇ ಟೈರ್ ಟ್ಯೂಬ್ ಹಾಸಿ ಕಟ್ಟಿಗೆಯ ಸ್ಟ್ಯಾಂಡ್ ಮೇಲೆ ಕೂಡಿಸಿ. ಬೆಲ್ಟ್‌ಗಳನ್ನು ಬಿಸಿಲಿಗೆ ಬಿಡದೆ ಒಳಗಿಡಿ. ಅಂಚಿನ ಎಳೆ ಬಿಚ್ಚಿಕೊಂಡಿದ್ದನ್ನು ಮತ್ತೆ ಬಳಸಬೇಡಿ.