ಹನ್ನೊಂದಕ್ಕೇ ಎಚ್ಚರವಾಗುತ್ತದೆ!

ಪ್ರಶ್ನೆ: ಅಕ್ಕಾ, ನಾನು ನರ್ಸ್. ರಾತ್ರಿ ಪಾಳಿ ಶುರುವಾಗಿ ಮೂರು ವಾರ. ಬೆಳಿಗ್ಗೆ ಎಂಟೂವರೆಗೆ ಮಲಗಿದರೆ ಹನ್ನೊಂದಕ್ಕೇ ಎಚ್ಚರ. ಏನು ಮಾಡಲಿ?
– ಓದುಗಿ, ಸುರತ್ಕಲ್

ಉತ್ತರ: ನಾನೂ ವರ್ಷಗಟ್ಟಲೆ ಅದೇ ಪಾಳಿ ಮಾಡಿದವಳು ಮಾರಾಯ್ತಿ. ಕಣ್ಣು ಹತ್ತುವಷ್ಟರಲ್ಲಿ ಗೇಟಿನ ಹತ್ತಿರ ಮೀನಿನವಳು, ‘ಬಂಗುಡೆ, ಬೂತಾಯಿ’ ಅಂತ! ಆದರೆ ಕೂಗಿಗಿಂತ ಬೆಳಕೇ ದೊಡ್ಡ ಕಾಟ. ಕಣ್ಣಿಗೆ ಬಿಸಿಲು ಬಿದ್ದರೆ ನಿದ್ದೆಗೆ ಬೇಕಾದ ಮೆಲಟೋನಿನ್ ಎಂಬ ಹಾರ್ಮೋನು ತಗ್ಗುತ್ತದೆ. ಮನೆಗೆ ಬರುವಾಗ ಬಸ್ಸಿನಲ್ಲೇ ಕಪ್ಪು ಕನ್ನಡಕ ಹಾಕಿಕೊಳ್ಳಿ. ಕಿಟಕಿಗೆ ನಾನು ಹಳೆ ಕಂಬಳಿಯನ್ನೇ ಮೊಳೆ ಹೊಡೆದು ಕಟ್ಟಿದ್ದೆ. ಗೋಡೆ ಹಾಳಾಯಿತೆಂದು ಯಜಮಾನರು ಬೈದರು, ನಿದ್ದೆ ಮಾತ್ರ ಬಂತು. ರಾತ್ರಿ ಎರಡರ ಮೇಲೆ ಚಹಾ ಬೇಡ, ಅದರಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಹನ್ನೊಂದಕ್ಕೆ ಎಚ್ಚರವಾದರೆ ಹೊರಳಾಡಬೇಡಿ. ಎದ್ದು ಗಂಜಿ ಉಣ್ಣಿ, ಡ್ಯೂಟಿಗೆ ಹೊರಡುವ ಮೊದಲು ಸಂಜೆ ಇನ್ನೊಂದು ನಿದ್ದೆ ತೆಗೆಯಿರಿ.