ಟ್ಯೂಡರ್ ಎಂದರೆ ಅಗ್ಗದ ರೋಲೆಕ್ಸ್ ಅಷ್ಟೇ ಏನು?

ಟ್ಯೂಡರ್ ಗಡಿಯಾರಕ್ಕೆ ಸ್ವಂತ ವ್ಯಕ್ತಿತ್ವವಿದೆಯೇ, ಇಲ್ಲವೇ ಅದು ರೋಲೆಕ್ಸ್‌ನ ನೆರಳೇ ಎಂಬುದು ಶಿವಮೊಗ್ಗದ ಗೆಳೆಯರೊಬ್ಬರ ಪ್ರಶ್ನೆ. ಆರಂಭದಲ್ಲಿ ಅದು ಬಹುಮಟ್ಟಿಗೆ ನೆರಳೇ ಆಗಿತ್ತೆಂದು ಒಪ್ಪಬೇಕು. 1926ರಲ್ಲಿ ನೋಂದಣಿಯಾದ ಈ ಹೆಸರಿಗೆ ರೋಲೆಕ್ಸ್ ಸ್ಥಾಪಕ ಹಾನ್ಸ್ ವಿಲ್ಸ್‌ಡಾರ್ಫ್ 1946ರಲ್ಲಿ ಪ್ರತ್ಯೇಕ ಕಂಪನಿಯನ್ನೇ ಕಟ್ಟಿದರೂ, ರೋಲೆಕ್ಸ್‌ನ ನೀರು ನುಗ್ಗದ ಕವಚದೊಳಗೆ ಹೊರಗಿನಿಂದ ಕೊಂಡ ಯಂತ್ರವನ್ನಿಟ್ಟು ಬೆಲೆ ತಗ್ಗಿಸುವುದೇ ದಶಕಗಳ ಕಾಲ ಅದರ ಪದ್ಧತಿಯಾಗಿತ್ತು.

ಆದರೆ 1969ರಲ್ಲಿ ಬಂದ, ‘ಸ್ನೋಫ್ಲೇಕ್’ ಎಂದು ಹೆಸರಾದ ಚೌಕತಲೆಯ ಮುಳ್ಳು ರೋಲೆಕ್ಸ್‌ನಲ್ಲಿಲ್ಲ. ಫ್ರೆಂಚ್ ನೌಕಾಪಡೆಯ ಮುಳುಗುಗಾರರು ಟ್ಯೂಡರ್ ಕಟ್ಟಿಕೊಂಡೇ ಸಮುದ್ರಕ್ಕಿಳಿದದ್ದುಂಟು. 2012ರ ಬ್ಲ್ಯಾಕ್ ಬೇ ಎಂಬ ಟ್ಯೂಡರ್ ಮಾದರಿ ಆ ಮುಳ್ಳನ್ನು ಮರಳಿ ತಂದಿತು, 2015ರಲ್ಲಿ ಸ್ವಂತ ಯಂತ್ರ ಬಂದಿತು, ಮರುವರ್ಷವೇ ರೋಲೆಕ್ಸ್ ಮುಟ್ಟದ ಕಂಚಿನ ಕವಚವೂ ಬಂದಿತು. ನನ್ನ ಮಟ್ಟಿಗೆ ಈ ಕಂಚೇ ಗಟ್ಟಿ ಸಾಕ್ಷಿ: ಅಣ್ಣನ ಅಂಗಿ ತೊಟ್ಟ ತಮ್ಮ ಇಂಥ ಸಾಹಸಕ್ಕಿಳಿಯುವುದಿಲ್ಲ. ನಮ್ಮ ಅಡಿಕೆ ಮಂಡಿಯಲ್ಲಿ ‘ರಾಶಿ’ ಎಂಬ ಬಗೆಯ ಅಡಿಕೆಯ ಧಾರಣೆ ‘ಸರಕು’ ಎಂಬ ಬಗೆಗಿಂತ ಕಡಿಮೆಯಿದ್ದರೂ ಅದನ್ನು ಕೆಟ್ಟ ಅಡಿಕೆಯೆಂದು ಯಾರೂ ಕರೆಯುವುದಿಲ್ಲ. ಅದನ್ನೇ ಕೇಳಿ ಕೊಳ್ಳುವವರಿದ್ದಾರೆ. ಮರುಮಾರಾಟದ ಬೆಲೆಯನ್ನಷ್ಟೇ ನೋಡುವವರಿಗೆ ಮಾತ್ರ ಈ ಮಾತು ರುಚಿಸಲಾರದು.