ಹಬಲ್ ದೂರದರ್ಶಕ ಕೆಟ್ಟರೆ ನೆಲದಿಂದಲೇ ಸರಿಪಡಿಸುವುದು ಹೇಗೆ?
ರಾಯಚೂರಿನ ಓದುಗರೊಬ್ಬರು, ಯಾರೂ ರಿಪೇರಿಗೆ ಹೋಗದಿದ್ದರೂ ಬಾಹ್ಯಾಕಾಶದಲ್ಲಿ ಭೂಮಿಯನ್ನು ಸುತ್ತುವ ಹಬಲ್ ಮತ್ತೆ ಹೇಗೆ ಕೆಲಸ ಆರಂಭಿಸುತ್ತದೆ ಎಂದು ಕೇಳಿದ್ದಾರೆ. ನಮ್ಮ ಹೊಲಗಳ ಪಂಪ್‌ಸೆಟ್ಟಿನ ಸ್ಟಾರ್ಟರ್ ವೋಲ್ಟೇಜ್ ಏರುಪೇರಾದೊಡನೆ ಟ್ರಿಪ್ ಆಗಿ ಮೋಟಾರು ಸುಡದಂತೆ ಕಾಯುವ ಹಾಗೆ, ದೂರದರ್ಶಕವೂ ಅಸಹಜ ಅಳತೆ ಕಂಡರೆ ವೀಕ್ಷಣೆ ನಿಲ್ಲಿಸಿ, ಸೌರಫಲಕಗಳಿಗೆ ಬಿಸಿಲು ಬೀಳುವಂತೆ ನಿಂತು, ಭೂಮಿಯ ಆದೇಶಕ್ಕಾಗಿ ಕಾಯುತ್ತದೆ; ಇದೇ ಸುರಕ್ಷಿತ ಸ್ಥಿತಿ. 2024ರ ಮೇ 24ರಂದು ಹೀಗೆಯೇ ಆಯಿತು. ತಿರುಗುವ ವೇಗವನ್ನು ಅಳೆಯುವ ಗೈರೊಸ್ಕೋಪೊಂದು ತಪ್ಪು ಅಳತೆ ಕೊಡತೊಡಗಿತ್ತು, ಮತ್ತು 2009ರಲ್ಲಿ ಗಗನಯಾತ್ರಿಗಳು ಅಳವಡಿಸಿದ್ದ ಆರರಲ್ಲಿ ಆಗ ಮೂರೇ ಉಳಿದಿದ್ದವು. ಆದ್ದರಿಂದ ಎಂಜಿನಿಯರುಗಳು ಒಂದನ್ನಷ್ಟೇ ಬಳಸಿ, ಇನ್ನೊಂದನ್ನು ಮೀಸಲಿಟ್ಟು, ಕೊರತೆಯನ್ನು ಸೂರ್ಯ ಸಂವೇದಕ, ಭೂಮಿಯ ಕಾಂತಕ್ಷೇತ್ರ ಅಳೆಯುವ ಕಾಂತಮಾಪಕ, ನಕ್ಷತ್ರ ಗುರುತಿಸುವ ಉಪಕರಣಗಳಿಂದ ತುಂಬಿಕೊಂಡರು. ನನ್ನ ದೃಷ್ಟಿಯಲ್ಲಿ ಇದು ನಿಜಕ್ಕೂ ದೊಡ್ಡ ಜಾಣ್ಮೆ. ಈಗ ಗುರಿ ಹಿಡಿಯಲು ಹೆಚ್ಚು ಸಮಯ ಬೇಕು, ಮಂಗಳನಿಗಿಂತ ಹತ್ತಿರದ ಚಲಿಸುವ ಕಾಯಗಳನ್ನು ಹಿಂಬಾಲಿಸಲಾಗದು.